ಯೋಗೇಂದ್ರನ ಕೀಲಿ

ಯಾದವಗಿರಿಯ ಬಂಗಲೆಯೊಂದರ ಮಹಡಿಯಲ್ಲಿದ್ದ ಕಚೇರಿಯಲ್ಲಿ ಗಗನ ಕುರ್ಚಿಯಿಂದ ಎದ್ದಳು, ಕುಳಿತಳು, ಮತ್ತೆ ಎದ್ದಳು. ಆಸ್ಪತ್ರೆಯೊಂದರ ಡಯಾಲಿಸಿಸ್ ಸರದಿ ಹೊಂದಿಸುವ ಪ್ರೋಗ್ರಾಮಿನಲ್ಲಿ ಬೆಳಿಗ್ಗೆ ಅವಳದೇ ತಪ್ಪು ನುಸುಳಿತ್ತು. ನಾಳೆ ಒಂದೇ ಹೊತ್ತಿಗೆ ಒಂದೇ ಯಂತ್ರಕ್ಕೆ ಇಬ್ಬರು ರೋಗಿಗಳು. ನಾಲ್ಕು ಗಂಟೆಗೆ ಅವರ ಫೋನುಗಳಿಗೆ ಸಂದೇಶ ಹೊರಡುತ್ತದೆ. ಅಷ್ಟರೊಳಗೆ ತಿದ್ದಿದ ಕೋಡ್ ಸರ್ವರನ್ನು ಸೇರಬೇಕು. ತಿದ್ದಿ ಆಗಿತ್ತು. ಸರ್ವರ್ ಒಳಗೆ ಬಿಡುತ್ತಿರಲಿಲ್ಲ.

ಹಿಂದೊಮ್ಮೆ ಇಂಥದೇ ಗೊಂದಲವಾದಾಗ ಅಶೋಕಪುರಂನ ಬೋರಮ್ಮ ಎಂಬ ಮುದುಕಿ ಊದಿದ ಕಾಲು ಚಾಚಿಕೊಂಡು ಆಸ್ಪತ್ರೆಯ ಪಡಸಾಲೆಯಲ್ಲಿ ಕತ್ತಲಾಗುವವರೆಗೂ ಕುಳಿತಿದ್ದುದನ್ನು ಗಗನ ಕಣ್ಣಾರೆ ಕಂಡಿದ್ದಳು. ನಾಳೆಯ ಆ ಇಬ್ಬರಲ್ಲಿ ಒಬ್ಬಳು ಬೋರಮ್ಮ.

ಸರ್ವರಿಗೆ ಕೋಡ್ ಕಳಿಸಲು ಪ್ರತಿಯೊಬ್ಬರಿಗೂ ಸ್ವಂತ ಎಸ್‌ಎಸ್‌ಎಚ್ ಕೀಲಿ, ಅಂದರೆ ಕಳಿಸುವವರು ಯಾರೆಂದು ಗುರುತಿಸುವ ಗುಟ್ಟಿನ ಕಡತ, ಇರಬೇಕು. ಈ ಕಚೇರಿಯವರು ಮಾತ್ರ ಸಹೋದ್ಯೋಗಿ ಯೋಗೇಂದ್ರನ ಕೀಲಿಯನ್ನೇ ಎಲ್ಲರ ಕಂಪ್ಯೂಟರಿಗೂ ನಕಲು ಮಾಡಿಕೊಂಡಿದ್ದರು, ಮನೆಮಂದಿಯೆಲ್ಲ ಒಂದೇ ಬೀಗದಕೈಯನ್ನು ಬಾಗಿಲ ಪಕ್ಕದ ಗೂಡಿನಲ್ಲಿಟ್ಟು ಹೋಗುವಂತೆ. ಇಂದು ಮಧ್ಯಾಹ್ನ ಸಂಸ್ಥೆಯು ಸಿಂಗಲ್ ಸೈನ್-ಆನ್ (ಎಸ್‌ಎಸ್‌ಒ) ಕಡ್ಡಾಯ ಮಾಡಿತು: ಎಲ್ಲಕ್ಕೂ ಕಚೇರಿಯ ಒಂದೇ ಲಾಗಿನ್. ಆ ಕೂಡಲೇ ಯೋಗೇಂದ್ರನ ಕೀಲಿ ನಿಂತುಹೋಯಿತು. ಅವನು ಅಕ್ಕನ ಮಗುವಿನ ನಾಮಕರಣದಲ್ಲಿದ್ದ, ಫೋನ್ ಎತ್ತಲಿಲ್ಲ.

ಗಗನ ಸ್ವಂತ ಕೀಲಿ ಮಾಡಿ ಸರ್ವರಿನ ತನ್ನ ಖಾತೆಗೆ ಸೇರಿಸಿದಳು. ಪ್ರವೇಶವಿಲ್ಲ. ಕೀಲಿಯೇ ಕೆಟ್ಟಿತೆಂದು ಅಳಿಸಿ ಬೇರೊಂದು ಮಾಡಿದಳು. ಪ್ರವೇಶವಿಲ್ಲ. ಮತ್ತೊಂದು ಮಾಡಿ, ಸೋತು, ಲಾಗಿನ್‌ಗಳ ಉಸ್ತುವಾರಿ ನೋಡುವ ಸಿದ್ದಲಿಂಗಸ್ವಾಮಿಯವರ ಬಳಿಗೆ ಲ್ಯಾಪ್‌ಟಾಪ್ ಹಿಡಿದು ಮೆಟ್ಟಿಲಿಳಿದು ಓಡಿದಳು.

"ಎಷ್ಟನೇ ಕೀಲಿ ಕಣಮ್ಮ ಇದು?"

"ಮೂರನೇದು ಸರ್."

"ಅಗ್ರಹಾರದಲ್ಲಿ ಬೀಗ ರಿಪೇರಿ ಅಂಗಡಿ ಇಟ್ಬುಡು. ಚೆನ್ನಾಗಿ ನಡೆಯುತ್ತೆ."

"ಸರ್, ನಾಲ್ಕಾಗ್ತಾ ಬಂತು!"

"ನಿನ್ನ ಖಾತೇಲಿ ಕೀಲಿ ಇದೆ, ಸರಿ. ಸಂಸ್ಥೆಗೆ ಅದು ಯಾರದು ಅಂತ ಗೊತ್ತಾಗೋದು ಹೆಂಗೆ? ಕೀಲಿ ಹೆಸರಿನ ಪಕ್ಕದಲ್ಲೇ ಎಸ್‌ಎಸ್‌ಒ ಅಂತ ಬಟನ್ ಇದೆ. ಅದನ್ನ ಒತ್ತಿ, ಆಫೀಸ್ ಲಾಗಿನ್‌ನಲ್ಲಿ ಹೋಗಿ, ಅನುಮತಿ ಕೊಡು."

"ಆಫೀಸ್ ಲಾಗಿನ್ ನಾನು ಯಾವತ್ತೂ ಮಾಡೇ ಇಲ್ವಲ್ಲ ಸರ್."

"ಎಲ್ಲಿ ಮಾಡ್ತೀಯ? ಇಷ್ಟು ದಿನ ನೀನು ಯೋಗೇಂದ್ರ ಆಗಿದ್ದೆ."

ಗಗನಳ ಮುಖ ಬಿಸಿಯಾಯಿತು. ಅಲ್ಲೇ ನಿಂತು ಲಾಗಿನ್ ತೆರೆದಳು. ಪಾಸ್‌ವರ್ಡ್ ತಪ್ಪಿತು, ಮತ್ತೆ ಒತ್ತಿದಳು. ಫೋನಿಗೆ ಬರಬೇಕಾದ ಸಂಖ್ಯೆ ಬರಲಿಲ್ಲ. ಕಿಟಕಿಯ ಬಳಿ ಹೋಗಿ ಫೋನನ್ನು ಎತ್ತಿ ಹಿಡಿದಳು. ಬಂತು. ಕೀಲಿಯ ಎದುರು ಸಂಸ್ಥೆಯ ಹೆಸರು ಮೂಡಿತು; ಅನುಮತಿಯ ಬಟನ್ ಒತ್ತಿದಳು.

ಕೋಡ್ ಒಳಗೆ ಹೋಯಿತು. ಸರದಿ ಹೊಸದಾಗಿ ಜೋಡಣೆಯಾಯಿತು: ಬೋರಮ್ಮ, ಬೆಳಗಿನ ಮೊದಲ ಪಾಳಿ, ಆ ಯಂತ್ರಕ್ಕೆ ಅವಳೊಬ್ಬಳೇ. ಸಂದೇಶಗಳು ಹೊರಟವು. ಆದರೂ ಗಗನ ಸರದಿಯನ್ನು ಎರಡು ಸಲ ತೆರೆದು ನೋಡಿದಳು.

ಆಗ ಯೋಗೇಂದ್ರನ ಫೋನ್ ಬಂತು. "ನನ್ನ ಕೀಲಿ ಕೈ ಕೊಡ್ತಂತಲ್ಲ! ನಿಂದು ಓಡ್ತಿದ್ರೆ ಅದನ್ನೇ ಎಲ್ರಿಗೂ ಕಳ್ಸ್ಬುಡೇ. ನಾಳೆ ಚಿರೋಟಿ ತರ್ತೀನಿ."

ಗಗನ ತನ್ನ ಕಂಪ್ಯೂಟರಿನಲ್ಲಿದ್ದ ಅವನ ಕೀಲಿಯನ್ನು ಅಳಿಸಿದಳು.

"ಚಿರೋಟಿ ತಗೊಂಬಾ. ಬಟನ್ ಎಲ್ಲಿದೆ ಅಂತ ತೋರಿಸ್ತೀನಿ. ಕೀಲಿ ಮಾತ್ರ ಕೊಡಲ್ಲ ಕಣೋ."