ಸೇತುವೆ ಕಡಿದವನು

ವಿಶಾ ಅಪ್ಪನ ಹೆಣ ಮೀಯಿಸಿ, ಒದ್ದೆ ಪಾದಗಳನ್ನು ಒರೆಸುತ್ತಿದ್ದಾಗ ಸ್ತಾಂಕಾ ಅತ್ತೆ ಒಳಗೆ ಬಂದಳು.

"ಪೆಟ್ಟಿಗೆ ಹೊರೋಕೆ ನಾಲ್ಕೇ ಜನ ಬಂದಿರೋದು ಕಣೇ. ಇನ್ನಿಬ್ಬರು ಬೇಕು."

"ಮೇಲೂರಿನವರು?"

"ಅವರೆಲ್ಲಿ ಬರ್ತಾರೆ! ಪಕ್ಕದ ಕಣಿವೆ ಒಡೆಯ ತಾತಾರರ ದಂಡಿನ ಮೇಲೆ ಬಿದ್ದು ಸತ್ತ, ಅವನ ಮೇಲೆ ಹಾಡು ಕಟ್ಟಿದ್ರು. ನಮ್ಮಣ್ಣ ಬದುಕಿ ಉಳಿದ. ಅದೇ ತಪ್ಪು."

ಲೋತ್ರು ಕಣಿವೆಗೆ ಅಪ್ಪ ಸ್ತ್ರೋಯೆ ಮೂವತ್ತೈದು ವರ್ಷ ಒಡೆಯನಾಗಿದ್ದ. ಹೆಸರಿಗಷ್ಟೇ ಒಡೆಯ, ಕುರಿಗಳ ವಿಷಯದ ಜಗಳ ಬಿಡಿಸುತ್ತಿದ್ದ, ತನ್ನ ಹುಲ್ಲು ತಾನೇ ಕೊಯ್ಯುತ್ತಿದ್ದ. ಸಾವಿಗೆ ಬಂದವರಿಗೆಂದು ಮಾಡಿದ, ಜೇನು ಬೆರೆಸಿದ ಬೆಂದ ಗೋಧಿ ಅಂಗಳದಲ್ಲಿ ಹಾಗೇ ಆರುತ್ತಿತ್ತು.

ಅಷ್ಟರಲ್ಲಿ ಹೆಂಗಸರ ಅಳುಹಾಡು ತಟ್ಟನೆ ನಿಂತಿತು. ವಿಶಾ ಹೊರಗೆ ಬಂದಳು. ಬೇಲಿಯ ಬಾಗಿಲಲ್ಲಿ ಮುದುಕ ಬುಕೂರ್, ಹಿಂದೆ ಅವನ ಮಗ ಓಪ್ರ್ಯಾ. ಅಪ್ಪನನ್ನು ಕಂಡಾಗಲೆಲ್ಲ ನೆಲಕ್ಕೆ ಉಗಿಯುತ್ತಿದ್ದವನು ಈ ಬುಕೂರ್.

*

ತಾತಾರರು ಬಂದ ವಸಂತದಲ್ಲಿ ವಿಶಾಳಿಗೆ ಏಳು ವರ್ಷ. ಕಣಿವೆಯ ಜನವೆಲ್ಲ ಮರದ ಸೇತುವೆ ದಾಟಿ ಕಾಡಿನ ಕಡೆಗೆ ಓಡುತ್ತಿತ್ತು. ಹನ್ನೊಂದು ಮಂದಿ ಇನ್ನೂ ಆಚೆ ದಡದಲ್ಲಿದ್ದರು. ಅವರಲ್ಲಿ ಬುಕೂರನ ಹೆಂಡತಿ ಡೋಬ್ರಾ. ಅವರ ಬೆನ್ನಿಗೇ ತಾತಾರರ ಕುದುರೆಗಳ ಧೂಳು ಎದ್ದಿತ್ತು.

ಅಪ್ಪ ಕೊಡಲಿ ಎತ್ತಿದ. ಬುಕೂರ್ ಓಡಿಬಂದ. ಇಬ್ಬರೂ ಎದುರುಬದುರು ನಿಂತರು. ಹೊಳೆಯ ಮೊರೆತದಲ್ಲಿ ಏನು ಮಾತಾಡಿದರೋ ಗಾಡಿಯಲ್ಲಿದ್ದ ವಿಶಾಳಿಗೆ ಕೇಳಿಸಲಿಲ್ಲ. ಆಮೇಲೆ ಕೊಡಲಿ ಸೇತುವೆಯ ತೊಲೆಗೆ ಬಿತ್ತು.

ಈಚೆ ದಡದ ಮುನ್ನೂರು ಮಂದಿ ಉಳಿದರು. ಆ ಹನ್ನೊಂದು ಮಂದಿಯಲ್ಲಿ ಒಬ್ಬರೂ ತಿರುಗಿ ಬರಲಿಲ್ಲ.

*

"ಇವತ್ತೂ ಉಗಿಯೋಕೆ ಬಂದ್ರಾ, ಮಾವ?" ಎಂದಳು ವಿಶಾ.

ಬುಕೂರ್ ಟೋಪಿ ತೆಗೆದ. "ಅವತ್ತು ನಿಮ್ಮಪ್ಪ ನನ್ನ ಏನು ಕೇಳ್ದ ಅಂತ ಹೇಳಿದ್ನಾ?"

"ಇಲ್ಲ."

"ಒಂದು ಸಲಾನೂ?"

"ಒಂದು ಸಲಾನೂ ಇಲ್ಲ."

ಮುದುಕ ಕೋಲಿನ ಮೇಲೆ ಭಾರ ಬಿಟ್ಟು ನಿಂತ. "'ನೀನು ಬೇಡ ಅನ್ನು, ಕೊಡಲಿ ಕೆಳಗಿಡ್ತೀನಿ' ಅಂದ. ಆಚೆ ಡೋಬ್ರಾ ನನ್ನನ್ನೇ ನೋಡ್ತಿದ್ಲು. ಈಚೆ ಈ ಓಪ್ರ್ಯಾ, ಆಗ ನಾಲ್ಕು ವರ್ಷದವನು. ಬೇಡ ಅನ್ನೋಕೆ ಬಾಯಿ ಬರಲಿಲ್ಲ ಕಣಮ್ಮ. ಆಮೇಲೆ ಊರೆಲ್ಲ ಒಡೆಯನನ್ನ ಬೈತು. ನಾನೂ ಬೈದೆ. ಎಲ್ಲರಿಗಿಂತ ಜೋರಾಗಿ."

 ಈ ಮುದುಕನನ್ನು ಬೇಲಿಯಾಚೆ ದಬ್ಬಬೇಕು ಅನ್ನಿಸಿತು ವಿಶಾಳಿಗೆ.

"ಅಪ್ಪ ಇದ್ದಾಗ ಹೇಳ್ಬಾರದಿತ್ತಾ?"

"ಹೇಳ್ಬೇಕಿತ್ತು."

ಓಪ್ರ್ಯಾ ಅಪ್ಪನ ಮುಖ ನೋಡಲಿಲ್ಲ. ನೆಟ್ಟಗೆ ಒಳಗೆ ಹೋಗಿ ಪೆಟ್ಟಿಗೆಯ ಪಕ್ಕ ನಿಂತ. ಬುಕೂರ್ ಕೋಲನ್ನು ಬೇಲಿಗೆ ಒರಗಿಸಿ ಅವನ ಹಿಂದೆಯೇ ಹೋದ.

"ನಿನ್ನ ಕೈಲಾಗಲ್ಲ, ಬಿಡೋ," ಎಂದಳು ಸ್ತಾಂಕಾ.

"ಆಗತ್ತೆ. ಎತ್ತಿ."

ಎತ್ತಿದರು. ಗೂನುಬೆನ್ನಿನ ಬುಕೂರನ ಕಡೆಗೆ ಪೆಟ್ಟಿಗೆ ವಾಲಿತು. ಯಾರೂ ಅವನನ್ನು ಬದಿಗೆ ಸರಿಯೆನ್ನಲಿಲ್ಲ. ಮೊದಲು ಓಪ್ರ್ಯಾ ಮೊಣಕಾಲು ಬಗ್ಗಿಸಿದ. ಉಳಿದ ನಾಲ್ವರೂ ಬಗ್ಗಿಸಿದರು. ಗುಡ್ಡದ ಮೇಲಿನ ಗೋರಿಯವರೆಗೂ ಎತ್ತರದ ಐವರು ಗಂಡಸರು ಹಾಗೆಯೇ ಮುದುಕನ ಎತ್ತರಕ್ಕೆ ಕುಗ್ಗಿ ನಡೆದರು.