ಪಿಳ್ಳೆ ಕೇಳಿದ ಮಡಿ

ಇದ್ದಲಿನ ಬಸ್ಸಿನ ಹೊಗೆ ಕಿಟಕಿಯಿಂದ ನುಗ್ಗಿ ಹೆಗಲ ಶಾಲಿನ ಮೇಲೆ ಕೂತಿತು, ಕೊಡವಿದರೆ ಇನ್ನಷ್ಟು ಮೆತ್ತಿಕೊಳ್ಳುತ್ತದೆ, ಮೆತ್ತಲಿ, ಇವತ್ತು ಮಸಿಯ ಮೇಲೂ ಪ್ರೀತಿ ಬರುತ್ತದೆ — ಮಹಾಗಣಪತಿ ಭಟ್ಟನಿಗೆ ಮತ್ತೆ ನಗು ಉಕ್ಕಿತು, ಪಕ್ಕದಲ್ಲಿ ಕೂತವರು ತಿರುಗಿ ನೋಡಿದರು, ಅವನು ಕೆಮ್ಮಿದ ಹಾಗೆ ಮಾಡಿದ. ಸಿಂಗಾಪುರಕ್ಕೆ ಹೋಗುವುದು ಖಚಿತವಾಯಿತು, ಅಲ್ಲಿಯ ಸಸ್ಯಾಹಾರಿ ಹೋಟೆಲಿಗೆ ಅಡಿಗೆಯವನಾಗಿ, ನಗು ಅದಕ್ಕಲ್ಲ, ಹೋಗುವುದು ಒಬ್ಬನೇ ಅಲ್ಲ, ಅದಕ್ಕೆ. ಬೆಳಿಗ್ಗೆ ಹೊರಡುವಾಗ ಹೆಂಡತಿ ವಸುಮತಿ ಅಂಗಳದಲ್ಲಿ ಮಡಿ ಸೀರೆ ಒಣಗಹಾಕುತ್ತಿದ್ದಳು, ಕೋಲಿನ ತುದಿಗೆ ಒದ್ದೆ ಸೀರೆ ಸಿಕ್ಕಿಸಿ ಎತ್ತರದ ಬಿದಿರಿಗೆ ಏರಿಸುತ್ತ, ಕತ್ತು ತಿರುಗಿಸದೆ, ಆ ಏಜೆಂಟರ ಹತ್ತಿರ ನನ್ನ ವಿಷಯವೂ ಕೇಳುತ್ತೀರೋ, ಕೇಳದಿದ್ದರೂ ನಾನು ಎಂತದೂ ಹೇಳುವುದಿಲ್ಲ, ಅಂದಳು. ಕೋಲು ಮಾತ್ರ ನಡುಗುತ್ತಿತ್ತು, ನೀರು ಅವಳ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಮನೆ ಅವಳದಲ್ಲ, ಇವನದೂ ಅಲ್ಲ, ಅಣ್ಣ ವೆಂಕಟಕೃಷ್ಣನದು. ಅತ್ತಿಗೆಗೆ ಸೊಂಟ ಬಗ್ಗುವುದಿಲ್ಲ, ಆ ಮನೆಯಲ್ಲಿ ಬಗ್ಗುವ ಸೊಂಟ ಒಂದೇ, ರುಬ್ಬುವುದು ಅದು, ನೀರು ಸೇದುವುದು ಅದು, ಬೈಸಿಕೊಳ್ಳುವುದೂ ಅದೇ. ಗಂಡ ಹತ್ತಿರ ಇರುವಾಗಲೇ ಹೀಗೆ, ಕಡಲು ದಾಟಿದ ಮೇಲೆ ಕೇಳುವವರು ಯಾರು, ತಿರುಗಿ ಬರುವಾಗ ಅವಳಲ್ಲಿ ಎಂತ ಉಳಿದಿರುತ್ತಿತ್ತೋ, ಬೇಡ, ಇನ್ನು ಅದನ್ನು ಯೋಚಿಸುವ ಅಗತ್ಯವೇ ಇಲ್ಲ.

ಕೇಳಿಯೇ ಬಿಡುತ್ತೇನೆ ಅಂದುಕೊಂಡು ಹೋದದ್ದು ನಿಜ. ಉಪ್ಪಳದಲ್ಲಿ ಗುರುತಿನ ಪುರಂದರನ ಅಂಗಡಿಯ ಹಿಂದಿನ ಕೋಣೆ, ಅಕ್ಕಿ ಮೂಟೆಗಳ ನಡುವೆ ಕುರ್ಚಿ ಹಾಕಿ ಕೂತ ಹೋಟೆಲಿನ ಏಜೆಂಟ್ ಪಿಳ್ಳೆ, ತಿರುವಾಂಕೂರಿನ ಕಡೆಯವರು, ಅವರಿಗೆ ಕನ್ನಡ ಬಾರದು, ಇವನಿಗೆ ಮಲೆಯಾಳದ ತಲೆಬುಡ ತಿಳಿಯದು, ಪರಸ್ಥಳದವರ ಎದುರು ಹೆಂಡತಿಯ ಮಾತೆತ್ತಲು ನಾಲಿಗೆಯೂ ಏಳದು. ಪಿಳ್ಳೆ ಶಂಬಳಂ ಇಷ್ಟು ಎಂದು ಬೆರಳೆಣಿಸಿ ತೋರಿಸಿ ಗಲ್ಲ ಮುಂದೆ ಮಾಡಿ, ಮದಿಯೋ? ಮಡಿಯೋ ಅಂತಲೇ ಕೇಳಿಸಿತು. ಭಟ್ಟ ಅಡಿಗೆಗೆ ಬಂದರೆ ಮೊದಲು ವಿಚಾರಿಸುವುದೇ ಅದನ್ನಲ್ಲವೇ, ಹಡಗಿನಲ್ಲಿ ನೀರಿಗೆ ತತ್ವಾರ, ಹೊತ್ತು ಹೊತ್ತಿಗೆ ಸ್ನಾನವೆನ್ನುವ ಮಡಿವಂತನನ್ನು ಯಾರು ಕರೆದೊಯ್ಯುತ್ತಾರೆ, ಕೆಲಸ ಕೈತಪ್ಪೀತೆಂದು ಗಾಬರಿಯಾಗಿ ಇಲ್ಲ ಇಲ್ಲ ಅಂದ, ಎರಡೂ ಕೈ ಆಡಿಸಿ. ಪಿಳ್ಳೆ ಹುಬ್ಬು ಗಂಟಿಕ್ಕಿ ಸಂಬಳ ಏರಿಸಿದರು, ಮದಿಯೋ? ಇದೆಂತ, ನಂಬಿಕೆಯೇ ಇಲ್ಲವೋ, ಇಲ್ಲ ಸ್ವಾಮೀ, ಸ್ವಲ್ಪವೂ ಇಲ್ಲ. ಮತ್ತೆ ಏರಿತು, ಕೈಸನ್ನೆಯಲ್ಲೇ ಇರಲಿಕ್ಕೆ ಕೋಣೆಯೂ ಸೇರಿತು, ಮಡಿ ಬಿಟ್ಟಷ್ಟೂ ಸಂಬಳ ಏರಿಸುವ ಊರೋ ಇದು ಅಂತ ಇವನಿಗೆ ಬೆರಗು. ಮದಿಯೋ! ಪಿಳ್ಳೆಯ ದನಿ ಗಡುಸಾಯಿತು, ಇವನು ಬೆವರಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದೇ ವಾಸಿಯೆಂದು, ನನಗಿಲ್ಲ, ಹೆಂಡತಿಗೆ, ಹೆಂಡತಿಗೆ ಮಾತ್ರ ಉಂಟು! ಅದೆಂತ ಮಾತೆಂದು ಪಿಳ್ಳೆ ಪುರಂದರನ ಮುಖ ನೋಡಿದರು. ಪುರಂದರ, ಎರಡೂ ಭಾಷೆ ಬಲ್ಲ ಪುಣ್ಯಾತ್ಮ, ಅಷ್ಟು ಹೊತ್ತೂ ಪಕ್ಕದಲ್ಲೇ ನಿಂತು ಮಜಾ ನೋಡಿದವನು, ನಗು ನುಂಗಿಕೊಂಡು, ಭಾರ್ಯೆ, ಭಾರ್ಯೆ, ಅಂದ. ಪಿಳ್ಳೆ ಸೋತು ಕೈ ಕೊಡವಿ, ಶರಿ, ಭಾರ್ಯೆಯೂ ವರಟ್ಟೆ. ಬರಲಿ ಅಂತ, ಅವಳ ಹಡಗಿನ ಟಿಕೇಟೂ ಹೋಟೆಲಿನ ಲೆಕ್ಕಕ್ಕೇ ಅಂತ ಪುರಂದರ ಕಿವಿಯಲ್ಲಿ ಉಸುರಿದ. ಇನಿ ಮದಿಯೋ? ಇವನು ಬಾಯಿ ತೆರೆಯುವ ಮೊದಲೇ ಪುರಂದರ ಕಾಲು ತುಳಿದ, ಇವನು ತಲೆಯಾಡಿಸಿದ, ಅಷ್ಟೇ. ಹೊರಗೆ ಬಂದು ಪುರಂದರ ಗೋಡೆ ಹಿಡಿದು ನಕ್ಕದ್ದೇ ನಕ್ಕದ್ದು, ಎಂತ ಮಾರಾಯ್ರೆ ಭಟ್ರೇ, ಅವರು ಮಡಿ ಕೇಳಿದ್ದಲ್ಲ, ಮದಿ, ಮದಿ ಅಂದರೆ ಸಾಕು ಅಂತ, ಸಾಕೋ ಸಾಕೋ ಅಂತ ಅವರು ಕೇಳುವುದು, ನೀವು ಇಲ್ಲ ಇಲ್ಲ ಅನ್ನುವುದು, ನಮ್ಮ ಪೇಟೆಯ ಸಾಹುಕಾರರು ನಿಮ್ಮ ಹತ್ತಿರ ವ್ಯಾಪಾರ ಕಲಿಯಬೇಕು!

ಮೋಸವಾಯಿತೋ? ಯಾವ ಮೋಸ, ಆಡಿದ್ದರಲ್ಲಿ ಒಂದಾದರೂ ಸುಳ್ಳುಂಟೋ, ಮಡಿ ತನಗಿಲ್ಲ, ಅವಳಿಗುಂಟು, ಊರಿಗೇ ಗೊತ್ತು. ಸೀತಾಂಗೋಳಿ, ಇಳಿಯುವವರು ಇಳಿಯಿರಿ, ಇಳಿದ, ಎಷ್ಟು ಹಗುರ ಈ ಕಾಲು, ಬೆಳಿಗ್ಗೆ ಇದೇ ದಾರಿಯಲ್ಲಿ ಎಳೆದುಕೊಂಡು ಬಂದ ಕಾಲೇ ಅಲ್ಲವೋ ಇದು. ಸಂಬಳ ಮೊದಲು ಹೇಳುವುದು, ಆಮೇಲೆ ಕೋಣೆ, ಆಮೇಲೆ ಹಡಗು, ಕೊನೆಗೆ ಮೆಲ್ಲ ಅವಳ ಟಿಕೇಟು, ಇಲ್ಲ, ಅದನ್ನೇ ಮೊದಲು — ದಾರಿಯುದ್ದಕ್ಕೂ ಜೋಡಿಸಿಟ್ಟದ್ದು ಅಂಗಳಕ್ಕೆ ಕಾಲಿಡುವಾಗ ಎಲ್ಲಿ ಹೋಯಿತೋ. ಅವಳು ಒಣಗಿದ ಸೀರೆ ಇಳಿಸುತ್ತಿದ್ದಾಳೆ, ಕೋಲು ಮೇಲಿದೆ, ಹೆಜ್ಜೆ ಕೇಳಿಸಿದೆ, ಕತ್ತು ತಿರುಗಿಸುವುದಿಲ್ಲ. ಬಸ್ಸಿನ ಮಸಿ, ಪೇಟೆಯ ಮೈಲಿಗೆ, ದೂರದಿಂದಲೇ ಮುಟ್ಟಬೇಡಿ ಅನ್ನುವವಳು, ಮದುವೆಯಾದಂದಿನಿಂದ ಅದೇ ಮುಟ್ಟಬೇಡಿ — ನೀನೂ, ಅಂದ ಇವನು. ಕೋಲು ನಡುಗಿತು, ಸೀರೆ ಜಾರಿತು, ಜಾರಿ ಇವನ ಮಸಿ ಹಿಡಿದ ಹೆಗಲ ಮೇಲೆಯೇ ಬಂದು ಬಿತ್ತು, ಅವಳು ಮುಟ್ಟಬೇಡಿ ಅನ್ನಲಿಲ್ಲ, ಕೋಲು ಎತ್ತಿದಲ್ಲೇ ಇತ್ತು, ತುದಿಯಲ್ಲಿ ಸೀರೆಯಿಲ್ಲ, ನಡುಕವಿಲ್ಲ, ಕೋಲು ಎತ್ತಿದಲ್ಲೇ.