ಪಕ್ಕದ ಕುರ್ಚಿ

"ಪರವಾಗಿಲ್ಲ, ಕಾಯ್ತೀನಿ."

ಈ ಮಾತು ಕಿವಿಗೆ ಬಿದ್ದರೆ ಸಾಕು, ನನ್ನ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಕ್ಷೌರದಂಗಡಿಯಲ್ಲಿ ಇರುವುದು ಎರಡೇ ಕುರ್ಚಿ. ಕಿಟಕಿಯ ಕಡೆಯದು ತಮ್ಮನದು, ಗೋಡೆಯ ಕಡೆಯದು ನನ್ನದು. ನನ್ನದು ಖಾಲಿ ಇರುತ್ತದೆ; ನಾನು ಬಟ್ಟೆ ಕೊಡವಿ "ಬನ್ನಿ" ಎನ್ನುತ್ತೇನೆ. ಬೆಂಚಿನ ಮೇಲಿದ್ದವನು ತಮ್ಮನ ಕಡೆಗೊಮ್ಮೆ ನೋಡಿ, ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಈ ಮಾತು ಹೇಳುತ್ತಾನೆ. ನಾನು ಕತ್ತರಿ ಹಿಡಿದು ಹದಿನಾಲ್ಕು ವರ್ಷ, ತಮ್ಮ ಬಂದು ಮೂರು. ಬಾಚಣಿಗೆ ಯಾವ ಕೈಯಲ್ಲಿ, ಕತ್ತರಿ ಯಾವ ಕೈಯಲ್ಲಿ ಎಂದು ಅವನಿಗೆ ಹೇಳಿಕೊಟ್ಟವನೇ ನಾನು.

ಅಂಗಡಿ ನಮ್ಮ ಸೋದರಮಾವನದು. ಅವರ ಕೈ ನಡುಗುವುದಕ್ಕೆ ಶುರುವಾಗಿತ್ತು.

"ಈ ತಿಂಗಳು ಮುಗಿದ್ರೆ ನಾನು ಮನೇಲಿರ್ತೀನಿ. ಬೀಗದ ಕೈ ನಿಮ್ಮಿಬ್ಬರಲ್ಲಿ ಒಬ್ಬರಿಗೆ. ಯಾರಿಗೆ ಅಂತ ಬೆಂಚೇ ಹೇಳುತ್ತೆ," ಎಂದಿದ್ದರು.

ಬೆಂಚು ಏನು ಹೇಳುತ್ತಿದೆ ಎಂದು ನನಗೆ ಗೊತ್ತಿರಲಿಲ್ಲವೇ? ಜನರೆಲ್ಲ ಕಿಟಕಿಯ ಬೆಳಕಿಗೆ ಮರುಳಾಗಿದ್ದಾರೆ ಎಂದುಕೊಂಡು ಒಂದು ದಿನ ತಮ್ಮನ ಹತ್ತಿರ ಕುರ್ಚಿ ಬದಲಾಯಿಸಿಕೊಂಡೆ. ಅವನು ಬಾಚಣಿಗೆ, ಕತ್ತರಿ ಎತ್ತಿಕೊಂಡು ಗೋಡೆಯ ಕಡೆಗೆ ಹೋದ. ಬೆಂಚಿನವರ ಕತ್ತೂ ಗೋಡೆಯ ಕಡೆಗೇ ತಿರುಗಿತು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಮಾವ ಮೂಲೆಯಿಂದ ಗೊಣಗಿದರು.

ಆಮೇಲೆ ಮಾಡಿದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ತಮ್ಮನ ಕತ್ತರಿಯನ್ನು ಟವೆಲುಗಳ ಕೆಳಗೆ ಬಚ್ಚಿಟ್ಟೆ. ಅವನು ಹುಡುಕಿ ಹುಡುಕಿ ಸಾಕಾಗಿ, "ಅಣ್ಣ, ನಿನ್ನ ಹಳೇದು ಕೊಡ್ತೀಯಾ?" ಎಂದ. ಕೊಡದೆ ಏನು ಮಾಡಲಿ? ಬೆಳಗಿನಿಂದ ಸಂಜೆಯವರೆಗೆ ಆ ಮೊಂಡು ಕತ್ತರಿಯಲ್ಲೇ ಕೆಲಸ ಮಾಡಿದ. ಬೆಂಚು ಕಾಯುತ್ತಲೇ ಇತ್ತು, ನಾನು ನೊಣ ಹೊಡೆಯುತ್ತಲೇ ಇದ್ದೆ. ಸಂಜೆ ನಾನೇ 'ಹುಡುಕಿ' ಕೊಟ್ಟಾಗ, "ನಿನ್ನ ಕಣ್ಣಿಂದ ಏನೂ ತಪ್ಪಿಸ್ಕೊಳ್ಳಲ್ಲ ಬಿಡಣ್ಣ," ಎಂದು ನಕ್ಕ. ಅವನು ಕೆಟ್ಟವನಾದರೂ ಆಗಿದ್ದರೆ ನನ್ನ ಹೊಟ್ಟೆಕಿಚ್ಚಿಗೆ ಒಂದು ಮರ್ಯಾದೆ ಇರುತ್ತಿತ್ತು.

ತಿಂಗಳ ಕೊನೆಯ ವಾರ, ಬಿಸಿಲಿಗೆ ಬೀದಿ ಖಾಲಿಯಾಗಿದ್ದ ಒಂದು ಮಧ್ಯಾಹ್ನ, ತಮ್ಮ ನನ್ನ ತಲೆ ನೋಡಿ, "ಕೂದಲು ಕಿವಿ ಮುಚ್ಚಿದೆ, ಕೂತ್ಕೋ ಬಾ," ಎಂದ. ಇಷ್ಟು ವರ್ಷವೂ ಮಾವ ನನ್ನನ್ನು ಹಿತ್ತಲಿನ ಸ್ಟೂಲಿನ ಮೇಲೆ ಕೂರಿಸಿ ಕೂದಲು ಕತ್ತರಿಸುತ್ತಿದ್ದರು. ಅಂಗಡಿಯ ಕುರ್ಚಿಯಲ್ಲಿ ನಾನು ಕೂತಿದ್ದು ಅದೇ ಮೊದಲು.

ಎದುರಿಗೆ ಕನ್ನಡಿ. ಅದರಲ್ಲಿ ನನ್ನ ತಲೆ, ತಲೆಯ ಮೇಲೆ ತಮ್ಮನ ಮುಖ. ಗಿರಾಕಿಗೆ ಅರ್ಧ ಗಂಟೆ ಕಾಣುವುದು ಕ್ಷೌರದವನ ಮುಖ ಎಂದು ನನಗೆ ಯಾವತ್ತೂ ಹೊಳೆದಿರಲಿಲ್ಲ. ಲೋಕದಲ್ಲಿ ಇದೊಂದೇ ತಲೆ ಇದೆ ಎನ್ನುವಂತೆ ಅವನು ನನ್ನನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಬಾಗಿಲು ತೆರೆಯಿತು. ತಮ್ಮನ ಕಣ್ಣು ಅಲುಗಲಿಲ್ಲ. ನನ್ನದು ಥಟ್ಟನೆ ಅತ್ತ ಓಡಿತು: ಬಂದವರು ಹೈಸ್ಕೂಲು ಮೇಷ್ಟ್ರು, ಯಾವಾಗಲೂ ತಮ್ಮನಿಗೇ ಕಾಯುವವರು. ಕಣ್ಣು ವಾಪಸ್ಸು ಬರುವಾಗ ಕನ್ನಡಿಯಲ್ಲಿ ನನ್ನ ಮುಖ ಸಿಕ್ಕಿತು. ಗಂಟು ಹುಬ್ಬು, ಬಿಗಿದ ದವಡೆ. ಥೂ, ಎಂಥ ಮುಖ!

"ಬನ್ನಿ ಮೇಷ್ಟ್ರೇ, ನನ್ನ ಕುರ್ಚಿ ಖಾಲಿ ಇದೆ. ಈಗಲೇ ಎದ್ದು ಬರ್ತೀನಿ," ಎಂದೆ, ಅರ್ಧ ಕತ್ತರಿಸಿದ ತಲೆಯಲ್ಲೇ.

ಅವರು ನಕ್ಕರು. "ಬೇಜಾರು ಮಾಡ್ಕೋಬೇಡಪ್ಪ, ನಿನ್ನ ಕೈ ಚೆನ್ನಾಗೇ ಇದೆ. ಆದ್ರೆ ಕತ್ತರಿ ನಮ್ಮ ಕಿವಿ ಹತ್ರ, ಕಣ್ಣು ಪಕ್ಕದ ಕುರ್ಚಿ ಮೇಲೆ. ಕೂತವರಿಗೆ ಭಯ ಆಗಲ್ವಾ?"

ತಮ್ಮ ನನ್ನ ತಲೆಯನ್ನು ಮೆಲ್ಲಗೆ ಮುಂದಕ್ಕೆ ಬಾಗಿಸಿದ. ಸದ್ಯ, ಕನ್ನಡಿ ತಪ್ಪಿತು. ಅವನಿಗೆ ಎಲ್ಲ ಮೊದಲೇ ಗೊತ್ತಿತ್ತು ಎಂದು ಆಗ ಅರ್ಥವಾಯಿತು, ಬಹುಶಃ ಕತ್ತರಿಯ ವಿಷಯವೂ.

ಬೀಗದ ಕೈ ತಮ್ಮನಿಗೇ ಹೋಯಿತು. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೇರೆ ಅಂಗಡಿ ಹುಡುಕಿಕೊಳ್ಳಲೇ ಎಂದು ರಾತ್ರಿಯೆಲ್ಲ ಹೊರಳಾಡಿದೆ. ಆದರೆ ಎಲ್ಲಿಗೆ ಹೋದರೂ ಕನ್ನಡಿ ಇರುತ್ತದಲ್ಲ. ಬೆಳಿಗ್ಗೆ ಎದ್ದು ನಮ್ಮ ಅಂಗಡಿಗೇ ಹೋದೆ.

ತಮ್ಮ ಬಾಗಿಲು ತೆಗೆದ. ಮೊದಲು ಬಂದವನು ಅವನ ಕುರ್ಚಿ ಹಿಡಿದ. ಎರಡನೆಯವನು ಹೊಸಬ, ನನ್ನ ವಿಷಯ ಗೊತ್ತಿಲ್ಲದೆ ನನ್ನ ಮುಂದೆ ಕೂತ. ಅವನ ನೆತ್ತಿಯಲ್ಲಿ ಎರಡು ಸುಳಿ, ಕೂದಲು ಒಂದೊಂದು ಒಂದೊಂದು ದಿಕ್ಕಿಗೆ. ಪಕ್ಕದಲ್ಲಿ ಯಾರೋ ಜೋರಾಗಿ ನಕ್ಕರು. ಕತ್ತು ತಾನಾಗಿ ತಿರುಗುವುದರಲ್ಲಿತ್ತು. ಹಲ್ಲು ಕಚ್ಚಿ ಹಿಡಿದೆ. ನೀರು ಚಿಮುಕಿಸಿ ಒಂದು ಸುಳಿಯನ್ನು ಬಾಚಿದರೆ ಇನ್ನೊಂದು ಏಳುತ್ತಿತ್ತು. ಹಟಮಾರಿ ತಲೆ. ಬಗ್ಗಿ, ಸುತ್ತಿ ಬಂದು, ಎಳೆ ಎಳೆಯಾಗಿ ಬಿಡಿಸಿದೆ. ಎಷ್ಟು ಹೊತ್ತಾಯಿತೋ ತಿಳಿಯಲಿಲ್ಲ.

ಬೆಂಚಿನಿಂದ ಯಾರೋ, "ಪರವಾಗಿಲ್ಲ, ಕಾಯ್ತೀನಿ," ಎಂದರು.

ಯಾರು ಹೇಳಿದರೋ, ಯಾವ ಕುರ್ಚಿಗೆ ಹೇಳಿದರೋ ನಾನು ನೋಡಲಿಲ್ಲ. ಎರಡನೆಯ ಸುಳಿ ಇನ್ನೂ ಬಾಕಿ ಇತ್ತು.